ದೇವರಾಜ ಅರಸು ಬಡಾವಣೆಯ ಚಳಿಗಾಲೀನ ಮತ್ಸ್ಯಸಂಕಥನ: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತಾವನೆ

ದಾವಣಗೆರೆ ನಗರದ ದೇವರಾಜ ಅರಸು ಬಡಾವಣೆಯಲ್ಲಿ, ಮಾರ್ಗಶಿರ ಮತ್ತು ಪುಷ್ಯ ಮಾಸಗಳ ಕಾಲಾವಕಾಶದಲ್ಲಿ, ಭಾನುವಾರವೆಂಬ ಕಾಲಘಟಕದ ಪೂರ್ವಾಹ್ನದಲ್ಲಿ, ಒಗ್ಗರಣೆಯೆಂಬ ಧ್ವನಿರೂಪಿ ಪ್ರಕ್ರಿಯೆಯ ಬೆನ್ನಿಗೇ ಸಂಭವಿಸುವ ಗಂಧಾತ್ಮಕ ವಿದ್ಯಮಾನವೊಂದನ್ನು ಸಾಮಾಜಿಕ, ಸಾಂಸ್ಕೃತಿಕ, ತಾತ್ತ್ವಿಕ ಹಾಗೂ ಬಾಡಿಗೆ ಕರಾರಿನ ನೆಲೆಗಳಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಪ್ರಧಾನ ಪ್ರಮೇಯ. ಆಡುಮಾತಿನಲ್ಲಿ ಇದಕ್ಕೆ ‘ಯಾರ ಮನೇಲೋ ಮೀನ್ ಮಾಡ್ಯಾರ’ ಎನ್ನುತ್ತಾರೆ. ಆಡುಮಾತಿನಲ್ಲಿ ಹೇಳಿದರೆ ಪುಟ ತುಂಬುವುದಿಲ್ಲ. ಪುಟ ತುಂಬದಿದ್ದರೆ ಪದವಿ ಇಲ್ಲ, ಪದವಿ ಇಲ್ಲದಿದ್ದರೆ ಬಡ್ತಿ ಇಲ್ಲ. ಆದ್ದರಿಂದ ವಿದ್ಯಮಾನ.

ಅಧ್ಯಯನದ ವ್ಯಾಪ್ತಿ: ಸದರಿ ಬಡಾವಣೆಯ ಬ್ಲಾಕುಗಳು, ಮತ್ತು ಅಲ್ಲಿಂದ ಸುಮಾರು 14 ಕಿಲೋಮೀಟರ್ ದೂರದ ಹರಿಹರದಲ್ಲಿ ತುಂಗಭದ್ರೆಯ ದಡ. ಅಧ್ಯಯನದ ಮಿತಿ: ಸಂಶೋಧಕನಿಗೆ ಏಡಿ ಒಗ್ಗುವುದಿಲ್ಲ. ಏಡಿಯ ಬಗ್ಗೆ ಪ್ರಬಂಧ ಮೌನ ವಹಿಸುತ್ತದೆ. ಆ ಮೌನವನ್ನೂ ಒಂದು ಪಠ್ಯವೆಂದೇ ಓದಿಕೊಳ್ಳತಕ್ಕದ್ದು.

ಪೂರ್ವಾಧ್ಯಯನ ಸಮೀಕ್ಷೆ

ಹಿಂದಿನವರ ಕೆಲಸವನ್ನು ‘ಅಪೂರ್ಣ’ ಎಂದು ಕರೆಯದೆ ಪ್ರಬಂಧ ಶುರು ಮಾಡುವ ಪದ್ಧತಿ ನಮ್ಮಲ್ಲಿಲ್ಲ. ದುರದೃಷ್ಟಕ್ಕೆ ಇಲ್ಲಿ ಹಿಂದಿನವನು ಒಬ್ಬ ಚಕ್ರವರ್ತಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಗಾಳ ಹಾಕುವುದನ್ನು ಅರಸರ ವಿನೋದಗಳ ಸಾಲಿಗೆ ಸೇರಿಸಿ, ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನು ಹೆಸರಿಸಿ, ಸಮುದ್ರದವು, ನದಿಯವು, ಹುರುಪೆ ಇದ್ದವು, ಇಲ್ಲದವು ಎಂದು ವಿಂಗಡಿಸಿ, ಮೇವು ಹಾಕಿ ಮೀನು ಪಳಗಿಸುವುದರಿಂದ ಹಿಡಿದು ಅಡುಗೆಯವರೆಗೆ ಹೇಳುತ್ತಾನೆ. ಪ್ರಬಂಧಕ್ಕೆ ಕೈಯಿಟ್ಟವನಲ್ಲ, ನೀರಿಗೆ ಕೈಯಿಟ್ಟವನು ಎಂದು ಓದುವಾಗಲೇ ಗೊತ್ತಾಗುತ್ತದೆ. ಇವತ್ತಾಗಿದ್ದರೆ ‘ಸೈದ್ಧಾಂತಿಕ ಚೌಕಟ್ಟು ಕಾಣುವುದಿಲ್ಲ’ ಎಂಬ ಷರಾ ಹೊತ್ತು ಅವನ ಹಸ್ತಪ್ರತಿ ವಾಪಸು ಬರುತ್ತಿತ್ತು.

ಕನ್ನಡಕ್ಕೆ ಬಂದರೆ, ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ ಬರೆದ. ಬದನೆಕಾಯಿಗೇ ಒಂದಿಡೀ ಅಧ್ಯಾಯ ಕೊಟ್ಟ ಪುಣ್ಯಾತ್ಮ ಮೀನಿಗೆ ಒಂದು ಸಾಲೂ ಕೊಟ್ಟಿಲ್ಲ. ಅವನು ಜೈನ, ಅವನನ್ನು ದೂರುವಂತಿಲ್ಲ. ಆದರೆ ಅವನ ನಂತರದ ಐನೂರು ವರ್ಷ ಕನ್ನಡದಲ್ಲಿ ಬರೆದವರೆಲ್ಲ ಜೈನರೇನೂ ಆಗಿರಲಿಲ್ಲವಲ್ಲ. ಉಂಡು ಕೈ ತೊಳೆದು, ಬಾಯಿ ಮುಕ್ಕಳಿಸಿ, ಮೂಸಿ ನೋಡಿಕೊಂಡು, ಆಮೇಲೆ ಲೇಖನಿ ಹಿಡಿದವರೇ ಹೆಚ್ಚು.

ಪರಿಕಲ್ಪನಾತ್ಮಕ ಚೌಕಟ್ಟು

ಈ ಚೌಕಟ್ಟು ಸಂಶೋಧಕನಿಗೆ ದಕ್ಕಿದ್ದು ಒಂದು ವಿಚಾರಸಂಕಿರಣದಲ್ಲಿ. ಎಲ್ಲಿ, ಯಾವಾಗ ಎಂಬುದು ಮುಖ್ಯವಲ್ಲ, ಎಲ್ಲ ಕಡೆಯೂ ಅದೇ ಫ್ಲೆಕ್ಸು, ಅದೇ ನೆನಪಿನ ಕಾಣಿಕೆ. ವಿಷಯ: ಆಹಾರ ಸಂಸ್ಕೃತಿಯ ಬಹುತ್ವ. ಆಶಯ ಭಾಷಣಕಾರರು ಊಟಕ್ಕೆ ಹತ್ತಿರವಾಗುವವರೆಗೆ ಮಾತಾಡಿದರು. ‘ಅಧೀನ ಅಭಿರುಚಿಗಳ ಪ್ರತಿರೋಧಾತ್ಮಕ ಆಯಾಮ’ ಎಂದರು. ‘ನಾಲಿಗೆಯ ನಿರ್ವಸಾಹತೀಕರಣ’ ಎಂದರು. ‘ತಟ್ಟೆಯು ಒಂದು ಕದನಕಣ’ ಎಂದಾಗ ಚಪ್ಪಾಳೆ ಬಿತ್ತು. ಆಮೇಲೆ ಊಟಕ್ಕೆ ಬಿಟ್ಟರು. ಕದನಕಣದಲ್ಲಿ ಪಲಾವು, ಮೊಸರು ಬಜ್ಜಿ, ಕೇಸರಿಬಾತು. ‘ಕಾರ್ಯಕ್ರಮಕ್ಕೆ ಬೇರೆ ಬೇರೆ ಥರದವರು ಬಂದಿರ್ತಾರಲ್ಲ ಸಾರ್, ಯಾರಿಗೂ ಬೇಜಾರಾಗಬಾರದು’ ಎಂದರು ಸಂಘಟಕರು. ಬೇರೆ ಬೇರೆ ಥರದವರಲ್ಲಿ ಬೇಜಾರಾಗುವ ಹಕ್ಕು ಯಾವ ಥರದವರಿಗೆ ಮಾತ್ರ ಇದೆ ಎಂಬ ಪ್ರಶ್ನೆಗೆ ಸಮಾರೋಪದಲ್ಲಿ ಉತ್ತರ ಸಿಗಲಿಲ್ಲ.

ಮತ್ಸ್ಯಭಕ್ಷಕರ ವರ್ಗೀಕರಣ

ಬಡಾವಣೆಯ ನಿವಾಸಿಗಳನ್ನು ಪ್ರಸ್ತುತ ಪ್ರಬಂಧವು ಹದಿನಾಲ್ಕು ವರ್ಗಗಳಾಗಿ ವಿಂಗಡಿಸುತ್ತದೆ.

ಮೊದಲನೆಯದು ಪ್ರಕಟಭಕ್ಷಕ. ಮಂಕಿ ಕ್ಯಾಪು ಹಾಕಿಕೊಂಡು, ಕಪ್ಪು ಕವರು ತೂಗಾಡಿಸುತ್ತ ನಡುಬೀದಿಯಲ್ಲೇ ಬರುತ್ತಾನೆ, ‘ಬಂಗಡೆ ಚಲೋ ಬಂದಾವ, ಹೋಗಿ ತಗಳ್ರಿ’ ಎಂದು ಕೇಳದಿದ್ದರೂ ಹೇಳುತ್ತಾನೆ. ಇವನ ಸಂಖ್ಯೆ ಕಡಿಮೆ. ಎರಡನೆಯದು ಗುಪ್ತಭಕ್ಷಕ. ಕವರಿನ ಮೇಲೆ ಕೊತ್ತಂಬರಿ ಕಟ್ಟು ಇಟ್ಟುಕೊಂಡು ಬರುತ್ತಾನೆ. ಇವನಲ್ಲಿ ಗೃಹಗುಪ್ತ, ಹೋಟೆಲ್‌ಗುಪ್ತ, ಮಂಗಳೂರು ಪ್ರವಾಸಗುಪ್ತ ಎಂಬ ಉಪವರ್ಗಗಳಿವೆ. ಮೂರನೆಯದು ಪಂಚಾಂಗಭಕ್ಷಕ: ಸೋಮವಾರ ಶಿವನದು, ಗುರುವಾರ ರಾಯರದು, ಶನಿವಾರ ಹನುಮಪ್ಪನದು, ಶ್ರಾವಣ ಪೂರ್ತಿ ಇಲ್ಲ, ಕಾರ್ತೀಕ ಪೂರ್ತಿ ಇಲ್ಲ. ಕಾರ್ತೀಕ ಮುಗಿದ ಮೊದಲ ಭಾನುವಾರ ಮೀನಿನಂಗಡಿಯ ಮುಂದೆ ಇವನನ್ನು ನೋಡಬೇಕು. ನಾಲ್ಕನೆಯದು ಸಾರುಭಕ್ಷಕ, ಅಂದರೆ ‘ನಾನ್ ತುಂಡು ತಿನ್ನಲ್ಲ, ಬರೀ ರಸ’ ಎನ್ನುವವನು.

ಉಳಿದ ಹತ್ತನ್ನು ಕೈಬಿಡಲಾಗಿದೆ. ಬರೆಯುವವನಿಗೇ ಆಕಳಿಕೆ ಬಂತು. ಅಲ್ಲದೆ ಎದುರು ಮನೆಯವರೊಬ್ಬರೇ ಒಂದು ವಾರದಲ್ಲಿ ನಾಲ್ಕೂ ವರ್ಗಕ್ಕೆ ಸೇರಿಬಿಡುತ್ತಾರೆ.

ಘ್ರಾಣಮೀಮಾಂಸೆ

ಚಳಿಗಾಲದಲ್ಲಿ ಬೆಳಗಿನ ಹೊತ್ತು ಕಿಟಕಿಗಳು ಮುಚ್ಚಿರುತ್ತವೆ. ಹೊಗೆ ಒಳಗೇ ಸುತ್ತಿ ಸುತ್ತಿ, ಸ್ವೆಟರಿಗೆ, ರಗ್ಗಿಗೆ, ಮಕ್ಕಳ ತಲೆಗೂದಲಿಗೆ ಹತ್ತಿ, ಮಾರನೆಯ ದಿನ ಅವರ ಜೊತೆ ಶಾಲೆಗೆ ಹೋಗುತ್ತದೆ. ಆದ್ದರಿಂದ ‘ವಾಸನೆ’ ಎಂಬ ಆರೋಪಕ್ಕೆ ಧನುರ್ಮಾಸವೇ ಸುಗ್ಗಿ.

ಆರೋಪಿಗೂ ಒಂದು ಅವಕಾಶ ಕೊಡಬೇಕಲ್ಲ. ಕಡಲ ಮೀನಿನ ಮೈಯಲ್ಲಿ ಉಪ್ಪುನೀರನ್ನು ತಾಳಿಕೊಳ್ಳಲು ಟ್ರೈಮೀಥೈಲಮೈನ್ ಆಕ್ಸೈಡ್ ಎಂಬ ವಸ್ತು ಇರುತ್ತದೆ. ಅದಕ್ಕೆ ವಾಸನೆ ಇಲ್ಲ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಟ್ರೈಮೀಥೈಲಮೈನ್ ಮಾಡುತ್ತವೆ. ಮೂಗು ಮುಚ್ಚಿಸುವುದು ಅದು. ಅಂದರೆ ನಾರುವುದು ಮೀನಲ್ಲ, ಮಲ್ಪೆಯಿಂದಲೋ ಮಂಗಳೂರಿನಿಂದಲೋ ಘಟ್ಟ ಹತ್ತಿ, ಐಸು ಕರಗುತ್ತ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬರುವ ದಾರಿ. ಹುಣಸೆಹುಳಿ, ನಿಂಬೆಹುಳಿ ಹಾಕಿದರೆ ಆ ಅಮೈನು ಆವಿಯಾಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಮ್ಮ ಅಜ್ಜಿಯರು ಮೀನಿಗೆ ಹುಳಿ ಮುಂದು ಮಾಡಿದ್ದು ಸುಮ್ಮನೆ ಅಲ್ಲ.

ಕೆರೆಮೀನಿನ ಕಥೆಯೇ ಬೇರೆ. ಅದರಲ್ಲಿ ಆ ಆಕ್ಸೈಡು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕಿರುವ ಕೆಸರಿನ ವಾಸನೆ ಜಿಯೋಸ್ಮಿನ್ ಎಂಬ ವಸ್ತುವಿನದು, ನೀರಿನ ಸೂಕ್ಷ್ಮಜೀವಿಗಳಿಂದ ಬಂದದ್ದು. ಮೊದಲ ಮಳೆಗೆ ನೆಲದಿಂದ ಏಳುವ ಗಮಲಿನಲ್ಲಿ ಇರುವುದೂ ಇದೇ ಜಿಯೋಸ್ಮಿನ್. ‘ಆಹಾ, ಮಣ್ಣಿನ ವಾಸನೆ’ ಎಂದು ಸ್ಟೇಟಸ್ ಹಾಕುವ ಮನೆ ಮಾಲೀಕರು ಅದೇ ವಸ್ತು ಬಾಡಿಗೆದಾರನ ಅಡುಗೆಮನೆಯಿಂದ ಬಂದರೆ ಮೂರು ತಿಂಗಳ ನೋಟಿಸು ಕೊಡುತ್ತಾರೆ.

ಫಲಕಶಾಸ್ತ್ರ

‘ಮನೆ ಬಾಡಿಗೆಗೆ ಇದೆ. ಸಸ್ಯಾಹಾರಿಗಳಿಗೆ ಮಾತ್ರ.’ ಈ ಕಿರುಪಠ್ಯವನ್ನು ನಿಕಟ ಓದಿಗೆ ಒಳಪಡಿಸಿದಾಗ ಕಾಣುವುದೇನೆಂದರೆ, ಇಲ್ಲಿ ಸೊಪ್ಪಿನ ಪ್ರಸ್ತಾಪ ಇಲ್ಲ. ಫೋನು ಮಾಡಿ ನೋಡಿ. ಏನು ತಿನ್ನುತ್ತೀರಿ ಎಂದು ಮೊದಲು ಕೇಳುವುದಿಲ್ಲ. ‘ನಿಮ್ದು ಯಾವ ಪೈಕಿ?’ ಎನ್ನುತ್ತಾರೆ. ಹೆಸರು ಹೇಳಿದ ಮೇಲೆ ‘ನಿನ್ನೆನೇ ಒಬ್ರು ಅಡ್ವಾನ್ಸ್ ಕೊಟ್ಟ್ ಹೋದ್ರು’ ಎನ್ನುತ್ತಾರೆ. ಫಲಕ ಮಾತ್ರ ಮುಂದಿನ ತಿಂಗಳೂ ನೇತಾಡುತ್ತಿರುತ್ತದೆ. ಅದೇ ಮಾಲೀಕರ ಮಗ ಬೈಪಾಸಿನ ಹೋಟೆಲಿನಲ್ಲಿ ಅಂಜಲ್ ತವಾ ಫ್ರೈಗೆ ಕಾಯುತ್ತ ಕೂತಿರುವುದನ್ನು ಸಂಶೋಧಕನು ಕ್ಷೇತ್ರಕಾರ್ಯದ ಅಂಗವಾಗಿ, ಪಕ್ಕದ ಮೇಜಿನಿಂದ, ದಾಖಲಿಸಿಕೊಂಡಿದ್ದಾನೆ.

ಇಲ್ಲಿ ಪಾರಿಭಾಷಿಕ ಪದ ಸಾಕು. ಈ ಬಡಾವಣೆಗೆ ಇಟ್ಟಿರುವುದು ಯಾರ ಹೆಸರು? ದೇವರಾಜ ಅರಸರದು. 1972ರಲ್ಲಿ ಹಾವನೂರು ಆಯೋಗ ನೇಮಿಸಿ, 1975ರಲ್ಲಿ ಅದರ ವರದಿ ತರಿಸಿಕೊಂಡು, ಅಲ್ಲಿಯವರೆಗೆ ಲೆಕ್ಕಕ್ಕೇ ಇಲ್ಲದ ಜಾತಿಗಳನ್ನು ಸರ್ಕಾರದ ಲೆಕ್ಕಕ್ಕೆ ತಂದವರು. ಉಳುವವನಿಗೆ ಹೊಲ ಕೊಡಿಸಿದ ಕಾನೂನು ಅವರ ಕಾಲದ್ದು. ಅವರ ಹೆಸರಿನ ಬೋರ್ಡು ರಸ್ತೆ ಮೂಲೆಯಲ್ಲಿ, ಆ ಇನ್ನೊಂದು ಬೋರ್ಡು ಅದೇ ರಸ್ತೆಯ ಗೇಟುಗಳ ಮೇಲೆ. ಬೆಸ್ತರ ಹುಡುಗನೊಬ್ಬ ಮೀಸಲಾತಿಯಲ್ಲಿ ಓದಿ, ಕೆಲಸ ಹಿಡಿದು, ಅರಸು ಹೆಸರಿನ ಬಡಾವಣೆಗೇ ಮನೆ ಕೇಳಿಕೊಂಡು ಬಂದರೆ ಅವನ ಅಡುಗೆಮನೆ ಮೂಸುತ್ತೀರಲ್ಲ, ನಿಮಗೆ ಆ ಹೆಸರನ್ನು ವಿಳಾಸದಲ್ಲಿ ಬರೆಯಲು ನಾಚಿಕೆಯಾಗುವುದಿಲ್ಲವೆ?

ಕ್ಷಮಿಸಿ. ಪ್ರಬಂಧಕ್ಕೆ ವಸ್ತುನಿಷ್ಠತೆ ಮುಖ್ಯ.

ಪ್ರಾಥಮಿಕ ಆಕರ

ಯಾವ ಪ್ರಬಂಧಕ್ಕೂ ಪ್ರಾಥಮಿಕ ಆಕರ ಬೇಕು. ಮೀನಿನ ಪ್ರಾಥಮಿಕ ಆಕರ ನೀರು.

ನಗರದೊಳಗೆ ‘ನಮ್ ಕೆರೆ ಮೀನು’ ಎಂದು ತೂಗಿಕೊಡುವ ಕಾಟ್ಲಾ, ರೋಹು, ಮೃಗಾಲ್‌ಗಳು ಮೂಲತಃ ಗಂಗೆಯ ಸೀಮೆಯವು, ಮರಿ ತಂದು ಬಿಟ್ಟು ಬೆಳೆಸಿದವು. ಹುಲ್ಲುಗೆಂಡೆ ಚೀನಾದ್ದು, ಜಿಲೇಬಿ ಆಫ್ರಿಕಾದ್ದು. ಕೆರೆ ಯಾರನ್ನೂ ಪೈಕಿ ಕೇಳಲಿಲ್ಲ. ಹಾಗೆಂದು ಇದನ್ನು ಸೌಹಾರ್ದದ ಕಥೆ ಮಾಡಿ ಮುಗಿಸಲೂ ಆಗುವುದಿಲ್ಲ: ಜಿಲೇಬಿ ಹೊಕ್ಕ ನೀರಿನಲ್ಲಿ ನಾಡಮೀನಿಗೆ ಜಾಗ ಸಾಲುವುದಿಲ್ಲ. ಭದ್ರಾ ನಾಲೆಗೆ ನೀರು ನಿಲ್ಲಿಸಿದಾಗ ಅಲ್ಲಲ್ಲಿ ಉಳಿಯುವ ಗುಂಡಿಗಳಿಗೆ ಹುಡುಗರು ಲುಂಗಿ, ಸೊಳ್ಳೆಪರದೆ ಹಿಡಿದು ಇಳಿಯುತ್ತಾರೆ. ಕೈಗೆ ಸಿಗುವುದು ಕೂಗಾಡಿದಷ್ಟಲ್ಲ.

ಹರಿಹರದಲ್ಲಿ, ಸೂಳೆಕೆರೆಯಿಂದ ಬರುವ ಹರಿದ್ರಾ ಹಳ್ಳ ತುಂಗಭದ್ರೆಗೆ ಕೂಡುತ್ತದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನ ಇಲ್ಲೇ. ಆ ಮೂರ್ತಿಯ ಎಡಭಾಗದ ಹರಿಯೇ ತನ್ನ ಮೊದಲ ಅವತಾರದಲ್ಲಿ ಮೀನಾಗಿದ್ದ ಎಂಬುದನ್ನು ಸಂಕ್ರಾಂತಿಗೆ ನದಿಗೆ ಬಂದು ಬುತ್ತಿ ಬಿಚ್ಚುವ ಜನರಿಗೆ ಸಂಶೋಧಕನು ನೆನಪಿಸಲು ಹೋಗಿಲ್ಲ. ಎಳ್ಳುಹೋಳಿಗೆ ತಿನ್ನುವಾಗ ಯಾರ ಬಾಯಿಯನ್ನೂ ಕೆಡಿಸಬಾರದು.

ಹರಿಗೋಲಿನ ಹಿರಿಯರೊಬ್ಬರ ಮುಂದೆ ಸಂಶೋಧಕನು ಪ್ರಶ್ನಾವಳಿ ಬಿಚ್ಚಿದ. ‘ನಿಮ್ಮ ಬದುಕಿನಲ್ಲಿ ನದಿಯ ಸ್ಥಾನವೇನು?’ ಎಂಬುದು ಮೊದಲನೆಯ ಪ್ರಶ್ನೆ.

‘ಅದಾ, ಕೆಳಗೈತಲ್ಲ’ ಎಂದರು.

‘ಯಾವ ಯಾವ ಮೀನು ಸಿಗುತ್ತವೆ?’

ಬಾಳೆಮೀನು, ಕೊರವ, ಹಾವುಮೀನು, ಗೆಂಡೆ ಎಂದು ಬೆರಳು ಮಡಚುತ್ತ ಹೋದರು. ಇವೆಲ್ಲ ಈಗ ಸಿಗುವವೋ ಎಂದಾಗ ಮಡಚಿದ ಬೆರಳನ್ನು ಒಂದೊಂದಾಗಿ ಬಿಚ್ಚಿದರು. ಆಮೇಲೆ ಅವರೇ ಕೇಳಿದರು: ‘ನೀವ್ ಇದನ್ನ ಬರದು ಕೊಟ್ರೆ ಆ ಕೊಳಚಿ ಪೈಪ್ ತೆಗೀತಾರೇನ್ರಿ?’

ಪ್ರಶ್ನಾವಳಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ನದಿಯ ಈ ಕಥೆ ಹೊಸದಲ್ಲ. ಆಚೆ ದಡದ ಕುಮಾರಪಟ್ಟಣದಲ್ಲಿ ನಾರಿನ ಕಾರ್ಖಾನೆ ಬಂದ ಮೇಲೆ, 1980ರ ದಶಕದಲ್ಲಿ ಮೀನು ಸತ್ತು ತೇಲಿದ್ದವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ದಡದ ಹಳ್ಳಿಗಳ ಜನರ ಜೊತೆ ನಿಂತು ಬೀದಿಗಿಳಿಯಿತು, ಕೋರ್ಟಿಗೆ ಹೋಯಿತು. ಕಾರ್ಖಾನೆಗೆ ನೀಲಗಿರಿ ಬೆಳೆಯಲು ಹೊರಟ ಊರ ಗೋಮಾಳದಲ್ಲಿ 1987ರಲ್ಲಿ ಸಸಿ ಕಿತ್ತು ಬೇರೆ ಗಿಡ ನೆಟ್ಟ ಸತ್ಯಾಗ್ರಹಕ್ಕೆ ‘ಕಿತ್ತಿಕೋ ಹಚ್ಚಿಕೋ’ ಎಂದು ಹೆಸರಿಟ್ಟರು. ಎಂಥ ಹೆಸರು ನೋಡಿ! ಎರಡು ಪದ, ಒಂದೂ ಪಾರಿಭಾಷಿಕವಲ್ಲ, ಹೇಳಿದ್ದು ಎಲ್ಲರಿಗೂ ತಿಳಿಯಿತು. ಈಗ ಎರಡೂ ದಡದ ಊರುಗಳ ಕೊಳಚೆ ಬೀಳುತ್ತದೆ, ತಳದ ಮರಳು ಲಾರಿ ಏರುತ್ತದೆ. ಮರಳಿಲ್ಲದ ತಳದಲ್ಲಿ ಮೀನು ಮೊಟ್ಟೆ ಎಲ್ಲಿ ಇಡಬೇಕು? 2022ರಲ್ಲಿ ಇದೇ ದಡದಲ್ಲಿ ತುಂಗಭದ್ರೆಗೆ ಆರತಿ ಎತ್ತುವ ಮಂಟಪಗಳಿಗೆ ಅಡಿಗಲ್ಲು ಬಿತ್ತು. ಆರತಿ ಆಗಲಿ, ಬೇಡವೆಂದವರಾರು. ತಾಯಿ ಎಂದು ಕರೆದವಳ ಮುಖಕ್ಕೆ ದೀಪ ಹಿಡಿದರೆ ಮುಖ ಕಾಣುತ್ತದೆಯಲ್ಲ, ಅದನ್ನೂ ಒಂದು ಗಳಿಗೆ ನೋಡಬಾರದೇ.

ಇದೇ ಹೊಳೆಯಲ್ಲಿ ಇನ್ನಷ್ಟು ಕೆಳಗೆ ಹೋದರೆ ಚೌಡದಾನಪುರ. ಅಂಬಿಗರ ಚೌಡಯ್ಯನ ಊರು. ಹನ್ನೆರಡನೆಯ ಶತಮಾನದಲ್ಲಿ ಹುಟ್ಟು ಹಾಕುತ್ತ ವಚನ ಹೇಳಿದವನು, ಡೋಂಗಿ ಕಂಡರೆ ಬಯ್ಯದೆ ಬಿಡದವನು. ಅವನ ಬಗ್ಗೆ ವಿಚಾರಸಂಕಿರಣಗಳು ಆಗಾಗ ನಡೆಯುತ್ತವೆ. ಊಟಕ್ಕೆ ಪಲಾವು ಇರುತ್ತದೆ. ಅವನ ಕುಲದವರು ಬಲೆ ಮಡಚಿಟ್ಟು ಗಾರೆ ಕೆಲಸಕ್ಕೆ ಹೋಗುವುದರ ಮೇಲೆ ಪ್ರಬಂಧ ಮಂಡನೆ ಆಗುವುದಿಲ್ಲ. ಅದಕ್ಕೆ ಆಯಾಮ ಸಾಲದು.

ಅನುಬಂಧ

ಕೊರವ ಸಿಕ್ಕರೆ ಬಿಡಬೇಡಿ. ಕೊರವ ನೀರಿನಿಂದ ತೆಗೆದ ಮೇಲೂ ಗಾಳಿ ಕುಡಿದು ಬಹಳ ಹೊತ್ತು ಬದುಕಿರುತ್ತದೆ, ಹಾಗಾಗಿ ಅಂಗಡಿಯವನು ‘ಫ್ರೆಶ್’ ಎಂದು ಆಣೆ ಹಾಕುವ ಅಗತ್ಯ ಬೀಳುವುದಿಲ್ಲ. ಕಡಲಮೀನು ಆದರೆ ಕಿವಿರು ಎತ್ತಿ ನೋಡಿ, ಕೆಂಪಿರಬೇಕು. ಕಣ್ಣು ಉಬ್ಬಿರಬೇಕು. ಬೆರಳಿಂದ ಒತ್ತಿದರೆ ಗುಳಿ ನಿಲ್ಲಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವಾಗ ‘ನಿನ್ನೆ ರಾತ್ರಿ ಹಿಡಿದದ್ದು’ ಎಂದು ಯಾರಾದರೂ ದೊಡ್ಡ ಅಂಜಲ್ ತೋರಿಸಿದರೆ ನಕ್ಕು ಮುಂದೆ ಹೋಗಿ. ಚಳಿಗಾಲದಲ್ಲಿ ಆ ಭಯ ಕಡಿಮೆ, ಐಸೂ ನಿಧಾನ ಕರಗುತ್ತದೆ.

ಅರಿಶಿನ, ಉಪ್ಪು ಹಚ್ಚಿ ತೊಳೆದಿಡಿ. ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಬೆಳ್ಳುಳ್ಳಿ, ಸ್ವಲ್ಪ ಮೆಂತ್ಯ ಹುರಿದು ಕಾಯಿಯ ಜೊತೆ ನುಣ್ಣಗೆ ರುಬ್ಬಿ. ಹುಣಸೆರಸ ಕುದಿಯತೊಡಗಿದ ಮೇಲೆ ಮಸಾಲೆ, ಮಸಾಲೆ ಕುದ್ದ ಮೇಲೆ ತುಂಡು. ಸೌಟು ಹಾಕಿ ತಿರುವಬೇಡಿ, ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ. ರೊಟ್ಟಿ ಜೋಳದ್ದೇ ಆಗಬೇಕು. ರಾತ್ರಿಗೆ ಸ್ವಲ್ಪ ತೆಗೆದಿಡಿ, ತಂಗಳು ಸಾರಿನ ರುಚಿ ಬಿಸಿಯದಕ್ಕಿಲ್ಲ. ಮತ್ತೆ, ಎಷ್ಟೇ ಚಳಿ ಇರಲಿ, ಬೀದಿ ಕಡೆಯ ಕಿಟಕಿ ತೆರೆದೇ ಮಾಡಿ. ಹೊಗೆ ಹೋಗಬೇಕಲ್ಲ.