ಇಲ್ಲದ ರೋಗಿಯ ಇತ್ತೀಚಿನ ಸಂದರ್ಶನ

ಕಾಲ್ಪನಿಕ ಸಂದರ್ಶನಕ್ಕೆ ಪತ್ರಿಕೆಯವರು ಸಾಮಾನ್ಯವಾಗಿ ಮಾತು ಬಾರದ ಪ್ರಾಣಿಯನ್ನೋ ವಸ್ತುವನ್ನೋ ಹುಡುಕಿಕೊಂಡು ಹೋಗುತ್ತಾರೆ. ಈ ಸಲ ವರದಿಗಾರನಿಗೆ ಸಿಕ್ಕವನು ಮೂಲದಲ್ಲೇ ಕಾಲ್ಪನಿಕ. ಅಮೆರಿಕದ ವರ್ಜೀನಿಯಾ ಮತ್ತು ಇಟಲಿಯ ಪಾದುವಾ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ ಕಂಪ್ಯೂಟರ್ ಸಿಮ್ಯುಲೇಟರಿನಲ್ಲಿ ಟೈಪ್ 1 ಮಧುಮೇಹಿಗಳು 300 ಮಂದಿ ಇದ್ದಾರೆ: ವಯಸ್ಕರು, ಹದಿಹರೆಯದವರು, ಮಕ್ಕಳು ತಲಾ 100. ಇವನು ವಯಸ್ಕರ ಪೈಕಿ ಏಳನೆಯವನು. ಊರಿಲ್ಲ, ಹೆಸರಿಲ್ಲ, ಆಧಾರ್ ಕಾರ್ಡಂತೂ ಇಲ್ಲವೇ ಇಲ್ಲ.

"ಊಟ ಆಯಿತೇ?" ವರದಿಗಾರ ರೂಢಿಯಂತೆ ಕೇಳಿದ.

"ಆಯಿತು. ಐವತ್ತು ಗ್ರಾಂ ಕಾರ್ಬೋಹೈಡ್ರೇಟ್."

"ಅನ್ನವೋ, ಮುದ್ದೆಯೋ?"

"ಅದನ್ನು ನನಗೆ ಯಾರೂ ಹೇಳಲಿಲ್ಲ ಸ್ವಾಮಿ. ಸಂಖ್ಯೆ ಬಂತು, ನುಂಗಿದೆ."

ಇಂಥ ವಿಧೇಯ ರೋಗಿ ಯಾವ ವೈದ್ಯರಿಗೂ ಸಿಕ್ಕಿರಲಾರ. ಕದ್ದು ಮೈಸೂರುಪಾಕು ತಿನ್ನುವುದಿಲ್ಲ, ತಿಂದು ಇಲ್ಲವೆನ್ನುವುದೂ ಇಲ್ಲ. ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದರೆ ಪ್ರೋಗ್ರಾಂ ಮತ್ತೆ ಓಡಿಸಿದರಾಯಿತು, ಎದ್ದು ಕೂರುತ್ತಾನೆ. ಹೀಗೆ ಎಷ್ಟು ಸಲ ಸತ್ತಿದ್ದೀರಿ ಎಂದರೆ ಲೆಕ್ಕ ಇಟ್ಟಿಲ್ಲ ಎಂದ.

ಅವನ ಎದೆಯುಬ್ಬಿದ್ದು 2008ರ ಮಾತು ಬಂದಾಗ. ರಕ್ತದ ಸಕ್ಕರೆ ಅಳೆಯುವ ಸೆನ್ಸರ್ ಒಂದು ಕಡೆ, ಇನ್ಸುಲಿನ್ ಹರಿಸುವ ಪಂಪ್ ಇನ್ನೊಂದು ಕಡೆ. ನಡುವೆ ಎಷ್ಟು ಹರಿಸಬೇಕೆಂದು ತೀರ್ಮಾನಿಸುವ ಗಣಿತ. ಇದನ್ನೇ ಕೃತಕ ಮೇದೋಜೀರಕ ಗ್ರಂಥಿ ಎನ್ನುವುದು. ಆ ಗಣಿತವನ್ನು ಮನುಷ್ಯರಿಗೆ ಜೋಡಿಸುವ ಮುನ್ನ ಪ್ರಾಣಿಗಳ ಮೇಲೆ ಪರೀಕ್ಷಿಸಬೇಕಿತ್ತು. ಅದರ ಬದಲು ಸಿಮ್ಯುಲೇಟರಿನಲ್ಲಿ ಪರೀಕ್ಷಿಸಿದರೂ ಸಾಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ವರ್ಷ ಒಪ್ಪಿತು. ಕೆಲವೇ ತಿಂಗಳಲ್ಲಿ ಮನುಷ್ಯರ ಮೇಲಿನ ಪ್ರಯೋಗ ಶುರುವಾಯಿತು. ವರ್ಜೀನಿಯಾದಲ್ಲಿ ಬೆಳೆದ ಆ ಗಣಿತ ಕಂಟ್ರೋಲ್-ಐಕ್ಯೂ ಎಂಬ ಹೆಸರಿನಲ್ಲಿ 2019ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಅನುಮತಿ ಪಡೆಯಿತು.

"ಹಾಗಾದರೆ ನಿಮಗೆ ಪ್ರಾಣಿಗಳ ಋಣವಿಲ್ಲ ಅನ್ನಿ."

ಏಳನೆಯವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಕ್ಕರೆಯ ಗೆರೆ ಪರದೆಯ ಮೇಲೆ ಒಮ್ಮೆ ಏರಿ ಇಳಿಯಿತು.

"ವಂಶಾವಳಿ ಕೆದಕಬೇಡಿ," ಎಂದ ಕೊನೆಗೆ. ವರದಿಗಾರ ಕೆದಕಿದ. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯೊಂದರ ಮೇದೋಜೀರಕ ಗ್ರಂಥಿ ತೆಗೆದಾಗಲೇ ಮಧುಮೇಹದ ಬೇರು ಅಲ್ಲಿದೆ ಎಂದು ತಿಳಿದದ್ದು. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಸಾರ ಮೊದಲು ತೆಗೆದದ್ದೂ, ಚುಚ್ಚಿ ನೋಡಿದ್ದೂ ನಾಯಿಗಳಲ್ಲೇ. ಇದು ಎಲ್ಲರಿಗೂ ಗೊತ್ತಿರುವ ಕತೆ. ಗೊತ್ತಿಲ್ಲದ್ದು ಮುಂದಿನದು: 1979ರಲ್ಲಿ ಸಂಶೋಧಕರಾದ ಬರ್ಗ್‌ಮನ್ ಮತ್ತು ಪಾದುವಾದ ಕೊಬೆಲ್ಲಿ ಸಂಗಡಿಗರೊಂದಿಗೆ ಇನ್ಸುಲಿನ್ ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ಎಂದು ಅಳೆಯುವ ಪುಟ್ಟ ಸಮೀಕರಣಗಳನ್ನು ಕಟ್ಟಿದರು. ಆ ಸಮೀಕರಣಗಳು ಸರಿಹೊಂದುತ್ತವೆಯೇ ಎಂದು ನೋಡಿದ್ದು ಎಚ್ಚರವಿದ್ದ ನಾಯಿಗಳಿಗೆ ಗ್ಲೂಕೋಸ್ ಚುಚ್ಚಿ, ಮತ್ತೆ ಮತ್ತೆ ರಕ್ತ ತೆಗೆದು. ಅದೇ ಕೊಬೆಲ್ಲಿಯವರ ತಂಡದಿಂದಲೇ ಏಳನೆಯವನ ಜನನ.

"ಆದರೆ ನನ್ನ ಊಟದ ಲೆಕ್ಕ ಮನುಷ್ಯರದ್ದು," ಎಂದು ಅವನು ಸಮಜಾಯಿಷಿ ಕೊಟ್ಟ. ಅದೂ ನಿಜವೇ. ಮಧುಮೇಹವಿಲ್ಲದ 204 ಜನರಿಗೆ ಊಟ ಕೊಟ್ಟು, ಗುರುತು ಹಾಕಿದ ಗ್ಲೂಕೋಸು ಮೈಯಲ್ಲಿ ಎಲ್ಲೆಲ್ಲಿ ಹೋಯಿತೆಂದು ಹಿಂಬಾಲಿಸಿ ಬರೆದ ಲೆಕ್ಕ ಅದು. ನಾಯಿಗಳನ್ನು ಮುಂದೆ ಇಟ್ಟುಕೊಂಡು ಇಷ್ಟು ನಿಖರವಾಗಿ ಮನುಷ್ಯರ ಊಟ ಅಳೆಯಲಾಗುತ್ತಿರಲಿಲ್ಲ.

ಕೊರತೆಗಳ ಬಗ್ಗೆ ಕೇಳಿದಾಗ ಅವನು ಮುಚ್ಚುಮರೆ ಮಾಡಲಿಲ್ಲ. ಮೊದಲ ಆವೃತ್ತಿಯಲ್ಲಿ ಅವನಿಗೆ ಬೆಳಗು-ಬೈಗಿನ ಭೇದವೇ ಇರಲಿಲ್ಲ. ನಸುಕಿನಲ್ಲಿ ಸಕ್ಕರೆ ತಾನಾಗಿ ಏರುವುದು ಎಷ್ಟೋ ನಿಜವಾದ ರೋಗಿಗಳಿಗೆ ಗೊತ್ತು, ಅವನಿಗೆ ಗೊತ್ತಿರಲಿಲ್ಲ. ಆಮೇಲಿನ ಪರಿಷ್ಕರಣೆಗಳಲ್ಲಿ ಕಲಿಸಿದರು. "ಬರೆದಷ್ಟೇ ನನಗೆ ಗೊತ್ತು. ಬರೆಯದ್ದು ನನ್ನ ಮೈಯಲ್ಲಿ ನಡೆಯುವುದೇ ಇಲ್ಲ."

ಈ ಮಾತಿನ ತೂಕ ಸಕ್ಕರೆಗಿಂತ ಹೊಸ ಔಷಧದಲ್ಲಿ ಹೆಚ್ಚು. 2006ರ ಮಾರ್ಚಿನಲ್ಲಿ ಲಂಡನ್ನಿನ ನಾರ್ಥ್‌ವಿಕ್ ಪಾರ್ಕಿನಲ್ಲಿ ಟಿಜಿಎನ್1412 ಎಂಬ ಔಷಧವನ್ನು ಆರು ಮಂದಿ ಆರೋಗ್ಯವಂತ ಯುವಕರಿಗೆ ಕೊಟ್ಟರು. ಕೋತಿಗಳು ತಡೆದುಕೊಂಡಿದ್ದ ಪ್ರಮಾಣದ ಐನೂರನೆಯ ಒಂದು ಭಾಗ ಮಾತ್ರ. ಕೆಲವೇ ಗಂಟೆಗಳಲ್ಲಿ ಆರೂ ಜನರ ಅಂಗಾಂಗಗಳು ಕೈಕೊಟ್ಟವು. ಜೀವ ಉಳಿದದ್ದು ತೀವ್ರ ನಿಗಾ ಘಟಕದ ದಯೆ. ಮನುಷ್ಯರ ಕೆಲವು ರೋಗನಿರೋಧಕ ಕಣಗಳ ಮೇಲಿರುವ, ಆ ಔಷಧ ಅಂಟಿಕೊಳ್ಳುವ ಅಣುವೊಂದು ಆ ಕೋತಿಗಳ ಅದೇ ಕಣಗಳ ಮೇಲೆ ಇಲ್ಲವೆಂಬುದು ಅನಾಹುತದ ನಂತರ ತಿಳಿದ ಸಂಗತಿ.

"ನೀವಿದ್ದಿದ್ದರೆ ಹಿಡಿಯುತ್ತಿದ್ದಿರಾ?"

"ಇಲ್ಲ. ಕೋತಿಗೆ ಗೊತ್ತಿರದಿದ್ದದ್ದು ನನ್ನನ್ನು ಬರೆಯುವವರಿಗೂ ಗೊತ್ತಿರಲಿಲ್ಲವಲ್ಲ."

ಇಷ್ಟು ಪ್ರಾಮಾಣಿಕ ಉತ್ತರ ಪ್ರಾಣಿಪರೀಕ್ಷೆಯ ಪರ-ವಿರೋಧದ ಎರಡೂ ಪಕ್ಷದವರಿಂದ ಅಪರೂಪ. ತಿಳಿದ ಶರೀರಕ್ರಿಯೆಯಲ್ಲಿ ಮಾತ್ರ ಅವನಂಥ ಕಂಪ್ಯೂಟರ್ ಮಾದರಿಗಳು ಪ್ರಾಣಿಗಳನ್ನು ಸೋಲಿಸುತ್ತವೆ, ಅದೂ ಚೆನ್ನಾಗಿಯೇ ಸೋಲಿಸುತ್ತವೆ. ಆಕ್ಸ್‌ಫರ್ಡಿನ ತಂಡ 2017ರಲ್ಲಿ 62 ಔಷಧಗಳನ್ನು ಕಂಪ್ಯೂಟರಿನ ಮನುಷ್ಯ ಹೃದಯಕೋಶಗಳ ಮೇಲೆ ಹರಿಸಿದಾಗ ಹೃದಯದ ಲಯ ಕೆಡಿಸುವ ಅಪಾಯವನ್ನು ಶೇ 89ರಷ್ಟು ಸರಿಯಾಗಿ ಊಹಿಸಿತು. ಮೊಲದಂಥ ಪ್ರಾಣಿಗಳ ಪ್ರಯೋಗಗಳಲ್ಲಿ ಅದು ಶೇ 75ರ ಆಸುಪಾಸು. ಹೃದಯಕೋಶದ ವಿದ್ಯುತ್ತಿನ ಲೆಕ್ಕವನ್ನು ವಿಜ್ಞಾನಿ ಡೆನಿಸ್ ನೋಬಲ್ 1960ರಿಂದಲೇ ಬರೆಯುತ್ತ ಬಂದಿದ್ದರಿಂದ ಅಲ್ಲಿ ಇದು ಸಾಧ್ಯವಾಯಿತು. ಆ ಹಾದಿಯ ಆರಂಭದಲ್ಲಿ ಕುರಿಗಳ ಹೃದಯವಿತ್ತು.

"ಕಾನೂನು ನಿಮ್ಮ ಪರ ಇದೆಯಲ್ಲ?" ಎಂಬುದು ಕೊನೆಯ ಪ್ರಶ್ನೆ.

"ಬಾಗಿಲು ತೆರೆದಿದೆ, ಒಳಗೆ ಕರೆದಿಲ್ಲ."

ಅಮೆರಿಕ 2022ರ ಡಿಸೆಂಬರಿನಲ್ಲಿ ಪ್ರಾಣಿಪರೀಕ್ಷೆಯ ಕಡ್ಡಾಯವನ್ನು ಕೈಬಿಟ್ಟಿತು, ನಿಷೇಧಿಸಲಿಲ್ಲ. ಭಾರತವೂ 2023ರ ಮಾರ್ಚಿನಲ್ಲಿ ಹೊಸ ಔಷಧಗಳ ನಿಯಮ ತಿದ್ದಿ ಕಂಪ್ಯೂಟರ್ ಮಾದರಿಗೂ ಕೋಶ ಕೃಷಿಗೂ ಅವಕಾಶ ಕೊಟ್ಟಿದೆ. ಎಫ್‌ಡಿಎ 2025ರ ಏಪ್ರಿಲಿನಲ್ಲಿ ಪ್ರಾಣಿಪರೀಕ್ಷೆಯನ್ನು ಹಂತಹಂತವಾಗಿ ಇಳಿಸುವ ಯೋಜನೆ ಪ್ರಕಟಿಸಿದಾಗ ಮೊದಲು ಹೆಸರಿಸಿದ್ದು ಮೊನೊಕ್ಲೋನಲ್ ಆ್ಯಂಟಿಬಾಡಿ ಔಷಧಗಳನ್ನು. ಟಿಜಿಎನ್1412 ಕೂಡ ಅದೇ ವರ್ಗದ್ದು.