ಎಂಟಕ್ಕೆ ನಿಂತ ಎಣಿಕೆ

ನಮ್ಮೂರು ಕೊಂಕಲ್‌ನಲ್ಲಿ ವೈಫೈ ಪಾಸ್‌ವರ್ಡ್ ಯಾರನ್ನೂ ಕೇಳಬೇಕಿಲ್ಲ. ಒಂದರಿಂದ ಎಂಟರವರೆಗೆ ಎಣಿಸಲು ಬಂದರೆ ಮುಗಿಯಿತು. 2004ರಲ್ಲಿ ಬಂದ ಡಬ್ಲ್ಯುಪಿಎ2 ಎಂಬ ಭದ್ರತಾ ಕಟ್ಟಳೆಯ ಪ್ರಕಾರ ಪಾಸ್‌ವರ್ಡಿಗೆ ಕನಿಷ್ಠ 8, ಗರಿಷ್ಠ 63 ಅಕ್ಷರ ಬೇಕು. ಕಳ್ಳನಿಗೆ ತ್ರಾಸಾಗಲೆಂದು ಮಾಡಿದ ಈ ನಿಯಮವನ್ನು ನಾವು, ಎಣಿಕೆ ಎಲ್ಲಿ ನಿಲ್ಲಿಸಬೇಕೆಂಬ ಅಪ್ಪಣೆ ಎಂದು ಓದಿಕೊಂಡೆವು. 63ರವರೆಗೆ ಹೋಗುವಷ್ಟು ಗುಟ್ಟು ಯಾರ ಮನೆಯಲ್ಲಿದೆ?

ನಮ್ಮ ಕಾಕಾನ ಮನೆಯಲ್ಲಿ ವೈಫೈ ಪೆಟ್ಟಿಗೆಗೆ ದೇವರ ಜಗಲಿಯ ಪಕ್ಕದಲ್ಲೇ ಜಾಗ. ಕಾಕಿ ನಿತ್ಯ ಅದಕ್ಕೂ ಕುಂಕುಮ ಹಚ್ಚುತ್ತಾಳೆ. ಕಲ್ಲಿನ ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಅಲೆಗೆ ಉಸಿರೇ ಇರುವುದಿಲ್ಲ, 2.4ರದ್ದು ಮಾತ್ರ ಹೇಗೋ ಹೊರಗಿನ ಕಟ್ಟಿ ಮುಟ್ಟುತ್ತದೆ. ಹೀಗಾಗಿ ಸಂಜೆಯಾದರೆ ಓಣಿಯ ಹುಡುಗರೆಲ್ಲ ಅಲ್ಲೇ. ಹಿರಿಯರ ಮೇಲಿನ ಗೌರವ ಇನ್ನೂ ಉಳಿದಿದೆ ಎಂದು ಕಾಕಾಗೆ ಬಲು ಸಮಾಧಾನ.

ಬೆಂಗಳೂರಿನಿಂದ ಬಂದ ಅಳಿಯ ಇದನ್ನು ಕಂಡು ಹೌಹಾರಿ, ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಬೆರೆಸಿ ಹೊಸ ಪಾಸ್‌ವರ್ಡ್ ಹಾಕಿದ. ಸಂಜೆಗೆ ಕಟ್ಟಿಯಿಂದ ದನಿ ಬಂತು: "ಕಾಕಾ, ನೆಟ್ ಬರವಲ್ದು, ಏನ್ ಬದ್ಲಿ ಮಾಡೀರಿ?" ಕಾಕಾ ಒಳಗಿನಿಂದಲೇ ಒಂದೊಂದಕ್ಷರ ಬಿಡಿಸಿ ಕೂಗಿ ಹೇಳಿದ. ಅಳಿಯ ತಲೆ ಹಿಡಿದುಕೊಂಡರೆ, "ಕೇಳ್ದವರಿಗಿ ಇಲ್ಲ ಅನ್ಲಾಕ ಬಾಯಿ ಹ್ಯಾಂಗ ಬರ್ತದಪಾ?" ಎಂದ. ಹೊರಗಿನವರಿಗೆ ಬೇರೆ ಗೆಸ್ಟ್ ನೆಟ್‌ವರ್ಕ್ ಮಾಡೋಣವೆಂದರೆ ಕಾಕಿಗೆ ಸಿಟ್ಟು: "ನಮ್ ಹುಡುಗ್ರು ಬೀಗ್ರು ಯಾವಾಗ ಆದ್ರು?"

ಕಾಕಾ ನಿಜವಾಗಿ ಹೆದರಿದ್ದು ಅಳಿಯನನ್ನು ಗಾಡಿ ಹತ್ತಿಸಲು ಹೋದಾಗ, ಯಾದಗಿರಿ ಸ್ಟೇಷನ್ನಿನಲ್ಲಿ. ಅಲ್ಲಿ ರೈಲ್‌ವೈರ್ ಎಂಬ ವೈಫೈ ಮೊದಲ ಅರ್ಧ ತಾಸು ಬಿಟ್ಟಿ. ಮೊಬೈಲ್ ನಂಬರ್, ಓಟಿಪಿ ಕೊಟ್ಟರಾಯಿತು. ಆದರೆ ಅದೇ ಹೆಸರಿಟ್ಟು ಯಾರು ಬೇಕಾದರೂ ತಮ್ಮ ಹಾಟ್‌ಸ್ಪಾಟ್ ಹಚ್ಚಿ ಕೂರಬಹುದು. "ಫೋನು ಹೆಸ್ರು ನೋಡ್ತದ ಮಾವಾರ, ಮಾರಿ ನೋಡಂಗಿಲ್ಲ," ಎಂದ ಅಳಿಯ. ಬ್ಯಾಂಕಿನ ಆ್ಯಪ್‌ಗಳು ಮಾತನ್ನು ಗೂಢಲಿಪಿಯಲ್ಲೇ ಕಳಿಸುತ್ತವೆ, ನಿಜ; ಆದರೆ ನೆಟ್ ಕೊಡುತ್ತೇವೆಂದು ಪಿನ್ ಕೇಳುವ ಪುಟ ಬಂದರೆ ಅದು ಖಂಡಿತ ಕಳ್ಳನದೇ. ದುಡ್ಡಿನ ವ್ಯವಹಾರಕ್ಕೆ ಸ್ವಂತ ಸಿಮ್ಮಿನ ಡಾಟಾ ಸಾಕು, ನಾಲ್ಕು ರೂಪಾಯಿ ಹೆಚ್ಚು ಹೋದರೂ ಹೋಗಲಿ ಎನ್ನುವವನು ನಾನು.

ಕಾಕಾಗೆ ಅಷ್ಟು ತಾಳ್ಮೆಯಿಲ್ಲ. ಪರಿಚಯದ ಹೆಸರು ಕಂಡಲ್ಲೆಲ್ಲ ಫೋನು ತಾನೇ ಹೋಗಿ ಸೇರಿಕೊಳ್ಳುತ್ತದೆ ಎಂದು ಕೇಳಿದ್ದೇ ತಡ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಪಟ್ಟಿಯಲ್ಲಿದ್ದ ನೆಟ್‌ವರ್ಕ್‌ಗಳನ್ನೆಲ್ಲ ಒಂದೊಂದಾಗಿ ಅಳಿಸಿ ಹಾಕಿದ, ತನ್ನ ಮನೆಯದನ್ನೂ ಸೇರಿಸಿ. ಊರಿಗೆ ಬಂದಾಗ ಕತ್ತಲಾಗಿತ್ತು. ಅಳಿಯ ಆಗಲೇ ಬೆಂಗಳೂರಿನ ಗಾಡಿ ಹತ್ತಿಯಾಗಿತ್ತು. ಕಟ್ಟಿಯ ಮೇಲಿದ್ದ ಹುಡುಗನೊಬ್ಬ ತನ್ನ ಆಟದಿಂದ ತಲೆಯೆತ್ತದೆ, "ಬರಕೋರಿ ಕಾಕಾ, ಮೊದ್ಲಿಗಿ ದೊಡ್ಡ ಎಸ್" ಎಂದ.