ಮೂರು ಕೂಗು

"ಕುಕ್ಕರ್ ಮೂರು ಕೂಗು ಕೂಗಿದ್ಮೇಲೆ ಒಲೆ ಆರಿಸಿ, ಮರೀಬೇಡಿ" ಎಂದು ಹೇಳಿ ನನ್ನಾಕೆ ದೇವಸ್ಥಾನಕ್ಕೆ ಹೋದಳು. ಮೂರರವರೆಗೆ ಎಣಿಸಲು ಬಾರದವನೇನಲ್ಲ ನಾನು. ಬ್ಯಾಂಕಿನಲ್ಲಿ ಮೂವತ್ತು ವರ್ಷ ನೋಟೆಣಿಸಿದವನು. ಆದರೆ ಆ ಹೊತ್ತಿಗೆ ನನ್ನ ತಲೆ ಇನ್ನೂರ ಹದಿನಾಲ್ಕು ಕೋಟಿಯ ಆಚೆ ಇತ್ತು.

ಮೊಮ್ಮಗ ಹಾಲಿನ ಚೀಟಿಯ ಹಿಂದೆ 2147483647 ಎಂದು ಗೀಚಿ, "ತಾತ, ಇದನ್ನ ಶೇಷ ಉಳೀದ ಹಾಗೆ ಭಾಗಿಸಿ ತೋರಿಸು" ಎಂದಿದ್ದ. ಪಂತ ಒಂದು ಐಸ್‌ಕ್ರೀಮು.

ಮೂರರಿಂದ ಭಾಗಿಸಿದೆ, ಒಂದು ಉಳಿಯಿತು. ಏಳರಿಂದಲೂ ಒಂದು, ಹನ್ನೊಂದರಿಂದಲೂ ಒಂದೇ. ಮದುವೆಮನೆಯಲ್ಲಿ ತಟ್ಟೆಯ ಕೊನೆಯ ಹೋಳಿಗೆ "ನೀವು ತೊಗೊಳ್ಳಿ, ನೀವು ತೊಗೊಳ್ಳಿ" ಎಂಬ ಮರ್ಯಾದೆಯಲ್ಲೇ ಒಣಗುತ್ತದಲ್ಲ, ಹಾಗೆ. ಹದಿಮೂರಕ್ಕೆ ಸೊನ್ನೆ ಬಂತು! ಕುಣಿದಾಡಿದೆ. ಹುಡುಗ ಮೊಬೈಲು ಒತ್ತಿ ನೋಡಿ, "ಹತ್ತು ಉಳೀತದೆ ತಾತ" ಎಂದ. ಕೊನೆಯ ಸಾಲಿನಲ್ಲಿ 127ರಿಂದ 117 ಕಳೆದು, ಏಳಕ್ಕೆ ಏಳು ಹೋಯಿತೆಂದು ಸೊನ್ನೆ ಬರೆದಿದ್ದೆ. ಇಂಥವನ ಕೈಯಲ್ಲಿ ಜನ ಮೂವತ್ತು ವರ್ಷ ದುಡ್ಡು ಕೊಟ್ಟಿದ್ದರು.

ಅದು ಅವಿಭಾಜ್ಯ ಸಂಖ್ಯೆಯಂತೆ. ಮೂವತ್ತೊಂದು ಎರಡುಗಳನ್ನು ಗುಣಿಸಿ ಒಂದು ಕಳೆದರೆ ಸಿಗುವಂಥದ್ದು. ಮರ್ಸೆನ್ ಎಂಬ ಫ್ರೆಂಚ್ ಸನ್ಯಾಸಿ 1644ರಲ್ಲೇ ಇದನ್ನು ಇಂಥ ಅವಿಭಾಜ್ಯಗಳ ತನ್ನ ಪಟ್ಟಿಗೆ ಸೇರಿಸಿದ್ದ. ಸಾಧಿಸಿ ತೋರಿಸಿದವನು 1772ರಲ್ಲಿ ಗಣಿತಜ್ಞ ಆಯ್ಲರ್. ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಆ ಮುದುಕನಿಗೆ ಆಗ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಕಣ್ಣಿದ್ದ ನಾನು ಕಂಡಕಂಡ ಮನೆಯ ಕದವನ್ನೆಲ್ಲ ತಟ್ಟುತ್ತಿದ್ದೆ. ಆತ ಮೊದಲು ವಿಳಾಸ ವಿಚಾರಿಸಿದ. ಇದಕ್ಕೆ ಅವಿಭಾಜ್ಯ ಭಾಜಕ ಏನಾದರೂ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯಲೇಬೇಕು. ವರ್ಗಮೂಲದಾಚೆ, ಅಂದರೆ 46340 ದಾಟಿ, ಹುಡುಕುವ ಅಗತ್ಯವೂ ಇಲ್ಲ. ಸಾವಿರಗಟ್ಟಲೆ ಇದ್ದ ಅಭ್ಯರ್ಥಿಗಳು 84ಕ್ಕೆ ಇಳಿದರು. ಅವರಲ್ಲಿ ಮೊದಲಿಗನೇ 311. ನನ್ನ ಮೂರು, ಏಳು, ಹದಿಮೂರಕ್ಕೆಲ್ಲ ಜಗಲಿ ಹತ್ತುವ ಯೋಗ್ಯತೆಯೂ ಇರಲಿಲ್ಲ.

ಇಂಥ ಸಂಖ್ಯೆಗಳಿಂದ ಕಟ್ಟುವ 'ಪರಿಪೂರ್ಣ ಸಂಖ್ಯೆ'ಗಳು ಬರೀ ಕುತೂಹಲಕ್ಕೆ, ಉಪಯೋಗಕ್ಕಲ್ಲ ಎಂದು 1811ರಲ್ಲಿ ಬಾರ್ಲೋ ಎಂಬ ಇಂಗ್ಲಿಷ್ ಪಂಡಿತ ಬರೆದ. ಪಾಪ. ಹಳೆಯ ಕಂಪ್ಯೂಟರುಗಳ ಗಡಿಯಾರ 1970ರಿಂದ ಸೆಕೆಂಡು ಎಣಿಸುತ್ತಾ ಬಂದು ಸರಿಯಾಗಿ ಇದೇ ಅಂಕಿಗೆ ನಿಂತುಬಿಡುತ್ತದೆ. 2038ರ ಜನವರಿ 19, ನಮ್ಮಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಮರುಕ್ಷಣ ಅವಕ್ಕೆ 1901ನೇ ಇಸವಿ! ನಮ್ಮಜ್ಜನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ.

ಅಷ್ಟರಲ್ಲಿ ಬೇಳೆ ಸೀದ ವಾಸನೆಯೂ ನನ್ನಾಕೆಯೂ ಒಟ್ಟಿಗೇ ಒಳಗೆ ಬಂದರು.

"ಎಷ್ಟು ಕೂಗಾಯ್ತು?"

"ಎಣಿಸಲಿಲ್ಲ ಕಣೇ. ಆದ್ರೆ ಮೂರು ಕೂಡ ಇದೇ ಕುಲದ್ದು ಗೊತ್ತಾ? ಎರಡೆರಡ್ಲೆ ನಾಲ್ಕು, ಅದರಲ್ಲಿ ಒಂದು ಕಳೆದ್ರೆ..."

ಅವಳು ಕುಕ್ಕರನ್ನೂ ತೆಂಗಿನ ನಾರನ್ನೂ ನನ್ನ ಕೈಗಿತ್ತಳು.